ಹೃದ್ರೋಗಿಯು ಮನೆಗೆ ಬಂದ ಮೇಲೆ

ರೋಗಿಯು ಆಸ್ಪತ್ರೆಯ ಬಾಗಿಲನ್ನು ದಾಟಿ ಹೊರಗೆ ಬಂದನೆಂದರೆ ರೋಗವು ಒಳಗೇ ಉಳಿಯಿತೆಂದು ನಂಬುವುದು ನಮ್ಮ ಜನರ ಹಳೆಯ ಅಭ್ಯಾಸವು. ಜ್ವರ, ಆಮಶಂಕೆ, ಮುರಿದ ಎಲುಬು ಮೊದಲಾದ ವ್ಯಾಧಿಗಳಲ್ಲಿ ಈ ನಂಬುಗೆಯಿಂದ ಹೆಚ್ಚಿನ ಕೇಡೇನೂ ಆಗಲಿಕ್ಕಿಲ್ಲ. ಆದರೆ ಹೃದಯದ ರಕ್ತನಾಳವು ಕಟ್ಟಿ, ಅದನ್ನು ಬಲೂನಿನಿಂದ ಬಿಡಿಸಿ, ಸ್ಟೆಂಟ್ ಎಂಬ ಲೋಹದ ಜಾಲವನ್ನು ಒಳಗಿರಿಸಿಕೊಂಡು ಬಂದವನ ವಿಷಯದಲ್ಲಿ ಇದು ಪ್ರಾಣಾಪಾಯಕರವಾದ ಭ್ರಮೆಯಾಗಿದೆ. ಈ ಮಾತನ್ನು ನಾವು ಪುಸ್ತಕಗಳನ್ನು ಓದಿ ಬರೆಯುತ್ತಿಲ್ಲ. ನೆರೆಯಲ್ಲಿಯೇ ಕಂಡು ಬರೆಯುತ್ತಿದ್ದೇವೆ.

ಮಡಂತ್ಯಾರು ಬೆಳ್ತಂಗಡಿ ತಾಲೂಕಿನ ಒಂದು ಸಣ್ಣ ಪೇಟೆ. ಬಂಟ್ವಾಳದಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ೭೩ನೆಯ ರಾಷ್ಟ್ರೀಯ ಹೆದ್ದಾರಿಯು ಅದರ ನಡುವಿನಿಂದಲೇ ಹಾದುಹೋಗುತ್ತದೆ. ಪಾರೆಂಕಿ, ಮಾಲಾಡಿ, ಕುಕ್ಕಳ, ಮಚ್ಚಿನ ಮೊದಲಾದ ಗ್ರಾಮಗಳ ಜನರಿಗೆ ಅಡಿಕೆ ಮಾರುವುದಕ್ಕೂ, ಮಕ್ಕಳನ್ನು ಓದಿಸುವುದಕ್ಕೂ, ಬೀಡಿಯ ಕಟ್ಟುಗಳನ್ನು ಒಪ್ಪಿಸುವುದಕ್ಕೂ ಈ ಪೇಟೆಯೇ ಆಶ್ರಯ. ಮಂಗಳೂರು ಇಲ್ಲಿಂದ ಸುಮಾರು ೫೦ ಕಿಲೋಮೀಟರು. ಹೃದಯದ ನಾಳವನ್ನು ಬಿಡಿಸಬೇಕಾದರೆ ಈ ಭಾಗದವರು ಸಾಮಾನ್ಯವಾಗಿ ಹೋಗತಕ್ಕದ್ದು ಆ ಊರಿಗೇ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಈ ಕಡೆಯವರು; ಅಡಿಕೆ ತೋಟದ ಕೃಷಿಕರು; ವಯಸ್ಸು ಐವತ್ತನಾಲ್ಕು. ಆಷಾಢದ ಒಂದು ಮಳೆಯ ರಾತ್ರಿ ಅವರಿಗೆ ಎದೆಯ ನಡುವೆ ಕಲ್ಲಿಟ್ಟಂತಾಗಿ, ಎಡತೋಳು ಸೆಳೆದು, ಬೆವರು ಸುರಿಯಿತು. ಮನೆಯವರು ವಾಯುವೆಂದು ತಿಳಿದು ಜೀರಿಗೆಯ ಕಷಾಯವನ್ನೂ ಆ ಮೇಲೆ ಸೋಡಾವನ್ನೂ ಕೊಟ್ಟರು. ಬೆಳಗಾಗುವ ತನಕ ಕಾದರು. ಬೆಳಗ್ಗೆ ಸ್ಥಳೀಯ ವೈದ್ಯರು ಇಸಿಜಿ ತೆಗೆದು ನೋಡಿದೊಡನೆ ಮಂಗಳೂರಿಗೆ ಹೊರಡಿಸಿದರು. ಅಲ್ಲಿ ಮಣಿಕಟ್ಟಿನ ರಕ್ತನಾಳದ ಮೂಲಕ ನಳಿಗೆಯನ್ನು ಕಳುಹಿ ಸ್ಟೆಂಟನ್ನು ಇಟ್ಟರು. ಮೂರನೆಯ ದಿನ ಅವರು ನಡೆದುಕೊಂಡೇ ಮನೆಗೆ ಬಂದರು. ಊರಿಗೆ ಊರೇ ಆಶ್ಚರ್ಯಪಟ್ಟಿತು. ಎದೆ ಕೊಯ್ಯಲಿಲ್ಲ, ಹೊಲಿಗೆಯಿಲ್ಲ, ಮಣಿಕಟ್ಟಿನಲ್ಲಿ ಚುಚ್ಚಿದ ಒಂದು ಗುರುತು ಮಾತ್ರ. ಇದೆಂತಹ ಶಸ್ತ್ರಕ್ರಿಯೆಯೆಂದು ನೋಡಬಂದವರು ಕೇಳಿದರು.

ಮುಂದಿನದು ಯೋಚಿಸತಕ್ಕ ವಿಷಯ. ಬಿಡುಗಡೆಯ ಕಾಲಕ್ಕೆ ಕೊಟ್ಟ ನಾಲ್ಕು ಹಾಳೆಯ ಕಾಗದವು ಇಂಗ್ಲಿಷಿನಲ್ಲಿತ್ತು. ಅದನ್ನು ಮನೆಯ ಯಜಮಾನಿತಿಯು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಜೋಪಾನವಾಗಿಟ್ಟರು. ಗುಳಿಗೆಗಳನ್ನು ಅವರು ಬಣ್ಣದಿಂದ ಗುರುತಿಸಿದರು: ಬೆಳಗಿನ ಬಿಳಿಯದು, ರಾತ್ರಿಯ ಕೆಂಪಿನದು. ಐದನೆಯ ತಿಂಗಳಲ್ಲಿ ಯಜಮಾನರಿಗೆ ಹಲ್ಲುನೋವು ಬಂದಿತು. ಹಲ್ಲು ಕೀಳಿಸಬೇಕಾಯಿತು. ‘ರಕ್ತ ತೆಳುವಾಗುವ ಗುಳಿಗೆಯಿದ್ದರೆ ರಕ್ತ ನಿಲ್ಲುವುದಿಲ್ಲ, ಅದನ್ನು ಬಿಡಿರಿ’ ಎಂದು ಬಂಧುವೊಬ್ಬರು ಹಿತವನ್ನೇ ಬಯಸಿ ಹೇಳಿದರು. ಇವರು ಎರಡನ್ನೂ ಬಿಟ್ಟರು. ಹಲ್ಲು ಹೋದ ಮೇಲೆಯೂ ಪುನಃ ಆರಂಭಿಸಲಿಲ್ಲ. ಹೇಗೂ ಆರಾಮವಾಗಿದ್ದೇನಲ್ಲ ಎಂಬ ಧೈರ್ಯ. ಎಂಟನೆಯ ದಿನ ಸ್ಟೆಂಟಿನೊಳಗೆ ರಕ್ತವು ಹೆಪ್ಪುಗಟ್ಟಿತು. ಎರಡನೆಯ ಬಾರಿ ಮಂಗಳೂರಿಗೆ ಒಯ್ದು ಪ್ರಾಣವನ್ನೇನೋ ಉಳಿಸಿದರು. ಆದರೆ ಹೃದಯದ ಶಕ್ತಿಯು ಕುಂದಿಹೋಯಿತು. ಈಗ ಅವರು ಅಂಗಳದಿಂದ ತೋಟದ ಕಟ್ಟಪುಣಿಗೆ ಇಳಿದು ಬರುವುದರೊಳಗೆ ಎರಡು ಸಲ ಕುಳಿತುಕೊಳ್ಳುತ್ತಾರೆ. ಕಪಾಟಿನಲ್ಲಿದ್ದ ಆ ಕಾಗದವನ್ನು ನಾವು ಓದಿ ನೋಡಿದೆವು. ಮೂರನೆಯ ಹಾಳೆಯ ಕೊನೆಯಲ್ಲಿ, ವೈದ್ಯರನ್ನು ಕೇಳದೆ ಈ ಎರಡು ಗುಳಿಗೆಗಳನ್ನು ನಿಲ್ಲಿಸಕೂಡದೆಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಇದರಲ್ಲಿ ತಪ್ಪು ಯಾರದು? ವೈದ್ಯರು ತಮ್ಮ ಕೆಲಸವನ್ನು ನಿಪುಣತೆಯಿಂದ ಮಾಡಿದ್ದರು, ಬರೆಯಬೇಕಾದುದನ್ನು ಬರೆದಿದ್ದರು. ಮನೆಯವರು ರೋಗಿಯನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದರು. ಆದರೂ ಆಗಬಾರದುದು ಆಯಿತು. ಒಬ್ಬ ವ್ಯಕ್ತಿಯ ಮೇಲೆ ದೋಷವನ್ನು ಹೊರಿಸಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ಆಸ್ಪತ್ರೆಗೂ ಮನೆಗೂ ನಡುವೆ ಯಾರೂ ಇಲ್ಲದಿರುವ ವ್ಯವಸ್ಥೆಯನ್ನೇ ನಾವು ವಿಚಾರಿಸಬೇಕಾಗಿದೆ.

ಈ ಚಿಕಿತ್ಸೆಯ ಸ್ವರೂಪವನ್ನು ವಾಚಕರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ೧೯೨೯ರಲ್ಲಿ ಜರ್ಮನಿಯ ತರುಣ ವೈದ್ಯ ವೆರ್ನರ್ ಫಾರ್ಸ್‌ಮನ್ನನು ತನ್ನ ತೋಳಿನ ರಕ್ತನಾಳದಿಂದ ನಳಿಗೆಯೊಂದನ್ನು ತನ್ನ ಹೃದಯದವರೆಗೂ ತಳ್ಳಿಕೊಂಡು, ಅದು ಸಾಧ್ಯವೆಂದು ತೋರಿಸಿದನು. ಆ ಸಾಹಸಕ್ಕೆ ೧೯೫೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೭೭ರ ಸೆಪ್ಟೆಂಬರ್ ೧೬ರಂದು ಝೂರಿಕ್ ನಗರದಲ್ಲಿ ಆಂದ್ರೆಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯನು ಎಚ್ಚರವಾಗಿದ್ದ ರೋಗಿಯ ಹೃದಯನಾಳವನ್ನು ಸಣ್ಣ ಬಲೂನಿನಿಂದ ಮೊತ್ತಮೊದಲಿಗೆ ಅಗಲಗೊಳಿಸಿದನು. ಹೀಗೆ ಅಗಲಗೊಳಿಸಿದ ನಾಳವು ಕೆಲವರಲ್ಲಿ ಪುನಃ ಕುಗ್ಗುತ್ತಿದ್ದುದರಿಂದ, ೧೯೮೬ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ವೈದ್ಯರು ನಾಳದೊಳಗೆ ಸ್ಟೆಂಟನ್ನು ನಿಲ್ಲಿಸುವ ಕ್ರಮವನ್ನು ಆರಂಭಿಸಿದರು. ಮುಂದೆ ಆ ಜಾಲಕ್ಕೆ ಔಷಧವನ್ನು ಲೇಪಿಸುವ ಪದ್ಧತಿಯೂ ಬಂದಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಟೆಂಟು ಲೋಹವು, ರಕ್ತಕ್ಕೆ ಅದು ಪರಕೀಯ ವಸ್ತು. ನಾಳದ ಒಳಚರ್ಮವು ಬೆಳೆದು ಅದನ್ನು ಮುಚ್ಚಿಕೊಳ್ಳುವ ತನಕ ಅದರ ಮೇಲೆ ರಕ್ತವು ಹೆಪ್ಪುಗಟ್ಟುವ ಭಯವಿದೆ. ಆದುದರಿಂದಲೇ ಆಸ್ಪಿರಿನ್ನನ್ನೂ, ಅದರೊಡನೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್ ಎಂಬ ಎರಡನೆಯ ಗುಳಿಗೆಯನ್ನೂ ಕೊಡುತ್ತಾರೆ. ಹೃದಯಾಘಾತವಾದವರಿಗೆ ಈ ಜೋಡಿಯು ಸಾಮಾನ್ಯವಾಗಿ ಒಂದು ವರ್ಷ ಬೇಕು. ಒಂದನ್ನು ಆ ಮೇಲೆಯೂ ಮುಂದುವರಿಸಬೇಕಾಗುತ್ತದೆ. ಸ್ಟೆಂಟು ತೆರೆದುದು ಒಂದು ನಾಳದ ಒಂದು ಸ್ಥಳವನ್ನು ಮಾತ್ರ. ಉಳಿದ ನಾಳಗಳಲ್ಲಿ ಕೊಬ್ಬು ಕೂಡುವಂತೆ ಮಾಡಿದ ಸಕ್ಕರೆಕಾಯಿಲೆ, ರಕ್ತದ ಒತ್ತಡ, ತಂಬಾಕು ಇವು ಇದ್ದಲ್ಲಿಯೇ ಇರುತ್ತವೆ. ಎದೆನೋವು ಹತೋಟಿಯಲ್ಲಿದ್ದು ಸ್ಥಿರವಾಗಿರುವ ರೋಗಿಗಳ ಮೇಲೆ ನಡೆಸಿದ, ೨೦೦೭ ಮತ್ತು ೨೦೨೦ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಔಷಧ ಮತ್ತು ಪಥ್ಯದ ಜೊತೆಗೆ ಸ್ಟೆಂಟನ್ನೂ ಇಟ್ಟುದರಿಂದ ಮರಣದ ಸಂಭವವು ಕಡಿಮೆಯಾಗಲಿಲ್ಲ. ಹೃದಯಾಘಾತದ ತುರ್ತಿನಲ್ಲಿ ಸ್ಟೆಂಟು ಪ್ರಾಣವನ್ನು ಉಳಿಸುತ್ತದೆಂಬುದರಲ್ಲಿ ಸಂಶಯವಿಲ್ಲ. ಆದರೆ ದಿನನಿತ್ಯದ ಗುಳಿಗೆಗೂ ನಡಿಗೆಗೂ ಅದು ಬದಲಿಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಮೊದಲ ಗಂಟೆಗಳ ವಿಷಯದಲ್ಲಿ ನಮ್ಮ ನಾಡಿನಲ್ಲಿ ಒಳ್ಳೆಯ ಕೆಲಸಗಳು ನಡೆದಿವೆಯೆಂಬುದನ್ನು ಸಂತೋಷದಿಂದ ಒಪ್ಪಬೇಕು. ೨೦೦೮ರಿಂದ ೧೦೮ರ ಆಂಬುಲೆನ್ಸುಗಳು ಓಡುತ್ತಿವೆ. ಮಂಗಳೂರಿನ ಹೃದ್ರೋಗತಜ್ಞರಾದ ಡಾ. ಪದ್ಮನಾಭ ಕಾಮತರು ೨೦೧೮ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯವನ್ನು ಆರಂಭಿಸಿ, ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿಯ ವೈದ್ಯರು ವಾಟ್ಸಾಪಿನಲ್ಲಿ ಕಳುಹಿದ ಚಿತ್ರವನ್ನು ತಜ್ಞರು ನೋಡಿ ತತ್‌ಕ್ಷಣವೇ ಸಲಹೆ ಕೊಡುವ ಏರ್ಪಾಡನ್ನು ಮಾಡಿದರು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿಯೇ ಹೃದಯ ನಿಂತು ತೀರಿಕೊಂಡಾಗ ಇಡೀ ಕನ್ನಡನಾಡು ಮರುಗಿತು. ಅವರ ಹೆಸರಿನಲ್ಲಿ ರಾಜ್ಯ ಸರಕಾರವು ೨೦೨೩ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಘೋಷಿಸಿತು. ತಾಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿಯ ಚುಚ್ಚುಮದ್ದನ್ನು ಧರ್ಮಾರ್ಥವಾಗಿ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಅದರ ಕ್ರಮವು. ಮಡಂತ್ಯಾರಿನಂತಹ ಊರಿಗೆ ಇದು ಎಷ್ಟು ಉಪಯುಕ್ತವೆಂಬುದನ್ನು ಮಳೆಗಾಲದಲ್ಲಿ ಈ ದಾರಿಯನ್ನು ಕ್ರಮಿಸಿದವರೆಲ್ಲರೂ ಬಲ್ಲರು. ಎರಡು ಗಂಟೆಯೊಳಗಾಗಿ ನಾಳವನ್ನು ಬಿಡಿಸುವ ಸ್ಥಳಕ್ಕೆ ಮುಟ್ಟಿ ಚಿಕಿತ್ಸೆ ದೊರೆಯುವ ಭರವಸೆಯಿಲ್ಲದಿದ್ದರೆ, ಮೊದಲು ಈ ಚುಚ್ಚುಮದ್ದನ್ನು ಕೊಡುವುದೇ ಲೇಸೆಂಬುದು ವೈದ್ಯಶಾಸ್ತ್ರದ ಅಭಿಪ್ರಾಯವಾಗಿದೆ. ನಮ್ಮ ಗೃಹಸ್ಥರ ಮನೆಯವರು ಕಷಾಯವನ್ನು ಕಾಸುವ ಬದಲು ೧೦೮ಕ್ಕೆ ಫೋನು ಮಾಡಿದ್ದರೆ ಮೊದಲನೆಯ ಕೇಡೇ ಅರ್ಧಕ್ಕೆ ನಿಲ್ಲುತ್ತಿತ್ತು.

ಹಣದ ವಿಷಯದಲ್ಲಿಯೂ ಸರಕಾರವು ಕೈಕಟ್ಟಿ ಕುಳಿತಿಲ್ಲ. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಔಷಧಲೇಪಿತ ಸ್ಟೆಂಟಿನ ಬೆಲೆಗೆ ೨೯,೬೦೦ ರೂಪಾಯಿಯ ಮಿತಿಯನ್ನು ಹಾಕಿತು. ೨೦೧೮ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ತನಕ ಚಿಕಿತ್ಸೆ ಸಿಕ್ಕುತ್ತದೆ. ಅದಕ್ಕೂ ಹಿಂದೆ, ೨೦೦೩ರಲ್ಲಿಯೇ, ನಮ್ಮ ಜಿಲ್ಲೆಯ ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೈತರಿಗಾಗಿ ಯಶಸ್ವಿನಿಯೆಂಬ ಸಹಕಾರಿ ಯೋಜನೆಯು ಹುಟ್ಟಿತ್ತು. ಇವೆಲ್ಲವೂ ಸ್ತುತ್ಯವಾದವುಗಳೇ. ಆದರೆ ಆಯುಷ್ಮಾನ್ ಭಾರತದ ನಿಯಮದಂತೆ ಬಿಡುಗಡೆಯಾದ ಮೇಲಿನ ಔಷಧದ ವೆಚ್ಚವು ೧೫ ದಿನಗಳಿಗೆ ಮಾತ್ರ ಸೇರಿರುತ್ತದೆ. ಗುಳಿಗೆಯು ಬೇಕಾಗುವುದೋ ಒಂದು ವರ್ಷಕ್ಕೆ! ಮಿಕ್ಕ ಹನ್ನೊಂದೂವರೆ ತಿಂಗಳುಗಳ ಭಾರವು ರೋಗಿಯ ಕಿಸೆಯ ಮೇಲೆಯೂ ಜ್ಞಾಪಕಶಕ್ತಿಯ ಮೇಲೆಯೂ ಬೀಳುತ್ತದೆ. ಗುಳಿಗೆಯನ್ನು ಬಿಟ್ಟು ಸ್ಟೆಂಟು ಕಟ್ಟಿತೆಂದರೆ ಎರಡನೆಯ ಚಿಕಿತ್ಸೆಗೆ ಸರಕಾರವೇ ಹಣ ತೆರಬೇಕು. ಜನೌಷಧಿಯ ದರದಲ್ಲಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಗುಳಿಗೆಗಳ ಒಂದು ವರ್ಷದ ಬೆಲೆಯು ಒಂದು ಸ್ಟೆಂಟಿನ ಬೆಲೆಯ ಸಮೀಪಕ್ಕೂ ಬಾರದು. ಸಣ್ಣ ಖರ್ಚನ್ನು ಉಳಿಸಿ ದೊಡ್ಡ ಖರ್ಚನ್ನು ಬರಮಾಡಿಕೊಳ್ಳುವ ಈ ಲೆಕ್ಕಾಚಾರವು ಯಾವ ಮಿತವ್ಯಯದ ಶಾಸ್ತ್ರಕ್ಕೂ ಒಪ್ಪತಕ್ಕದ್ದಲ್ಲ.

ಮನೆಯೊಳಗಿನ ಸ್ಥಿತಿಯನ್ನು ನೋಡಿರಿ. ಹೃದಯಾಘಾತದಿಂದ ಬದುಕಿ ಬಂದವನನ್ನು ನಮ್ಮವರು ಎರಡು ವಿಧವಾಗಿ ಕೆಡಿಸುತ್ತಾರೆ. ಕೆಲವು ಮನೆಗಳಲ್ಲಿ ಅವನನ್ನು ಗಾಜಿನ ಪಾತ್ರೆಯಂತೆ ಜಗಲಿಯಲ್ಲಿ ಕುಳ್ಳಿರಿಸಿ, ನೀರಿನ ತಂಬಿಗೆಯನ್ನೂ ಎತ್ತಗೊಡುವುದಿಲ್ಲ. ವೈದ್ಯರು ಹೇಳುವುದಾದರೋ, ತೊಡಕುಗಳಿಲ್ಲದ ರೋಗಿಯು ಕೆಲವು ದಿನಗಳಲ್ಲಿಯೇ ಮೆಲ್ಲನೆ ನಡೆಯಲಾರಂಭಿಸಿ, ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕೆಂದು. ಬೇರೆ ಮನೆಗಳಲ್ಲಿ ಹದಿನೈದು ದಿನಗಳಾದೊಡನೆ ಅವನು ಗುಣವಾದವನೆಂದು ಎಣಿಸಿ ಅಡಿಕೆ ಮೂಟೆಯನ್ನು ಹೊರಿಸುತ್ತಾರೆ. ಎಲೆಯಡಿಕೆಯ ತಟ್ಟೆಯೂ ಹೊಗೆಸೊಪ್ಪೂ ಪುನಃ ಕೈಗೆ ಬರುತ್ತವೆ. ಎಣ್ಣೆಯನ್ನು ಬಿಡಿಸಿದ ಗೃಹಿಣಿಯು ಗಂಜಿಯ ಜೊತೆಗೆ ಉಪ್ಪಿನಕಾಯಿಯನ್ನು ಮಾತ್ರ ಧಾರಾಳವಾಗಿ ಬಡಿಸುತ್ತಾಳೆ. ರಕ್ತದ ಒತ್ತಡಕ್ಕೆ ಉಪ್ಪು ಶತ್ರುವೆಂದು ಅವಳಿಗೆ ಯಾರೂ ಹೇಳಲಿಲ್ಲ. ಇನ್ನು ರೋಗಿಯ ಮನಸ್ಸು. ನಿನ್ನೆಯವರೆಗೆ ಮನೆಯನ್ನು ನಡೆಸಿದವನು ಇಂದು ರಾತ್ರಿ ನಿದ್ರೆಯಲ್ಲಿ ಪ್ರಾಣ ಹೋದೀತೆಂದು ಅಂಜಿ ಎದ್ದು ಕುಳಿತುಕೊಳ್ಳುತ್ತಾನೆ, ಯಾರೊಡನೆಯೂ ಮಾತಾಡುವುದಿಲ್ಲ. ಹೃದಯಾಘಾತದ ತರುವಾಯ ಇಂತಹ ಖಿನ್ನತೆಯು ಸಾಮಾನ್ಯವೆಂದೂ, ಅದಕ್ಕೂ ಚಿಕಿತ್ಸೆಯುಂಟೆಂದೂ ತಿಳಿದ ಮನೆಗಳು ವಿರಳ. ಪಕ್ಕದ ಕೋಣೆಯಲ್ಲಿ ಅವನ ಉಸಿರನ್ನೇ ಆಲಿಸುತ್ತ ಎಚ್ಚರವಾಗಿರುವ ಪತ್ನಿಯನ್ನು ಕೇಳುವವರು ಅದಕ್ಕಿಂತಲೂ ವಿರಳ. ಮಗನು ದುಬಾಯಿಯಲ್ಲಿಯೋ ಮುಂಬಯಿಯಲ್ಲಿಯೋ ಇದ್ದು ದಿನಕ್ಕೆರಡು ಸಲ ಫೋನು ಮಾಡುತ್ತಾನೆ. ಅವನ ಪ್ರೀತಿಯು ದೊಡ್ಡದು, ಆದರೆ ಗುಳಿಗೆಯ ಡಬ್ಬಿಯನ್ನು ಅಲ್ಲಿಂದ ನೋಡಲಾರನು.

ಇಷ್ಟು ಹೇಳಿದ ಮೇಲೆ ಪರಿಹಾರವನ್ನೂ ಸೂಚಿಸುವುದು ನಮ್ಮ ಕರ್ತವ್ಯವು. ನಮ್ಮ ಬೇಡಿಕೆಗಳು ನಾಲ್ಕೇ.

ಮೊದಲನೆಯದಾಗಿ, ಸ್ಟೆಂಟು ಇಟ್ಟುಕೊಂಡು ಮನೆಗೆ ಹೋಗುವ ಪ್ರತಿಯೊಬ್ಬನಿಗೂ ಒಂದು ಪುಟದ ಕನ್ನಡ ಕಾಗದವನ್ನು ಕೊಡತಕ್ಕದ್ದು. ಯಾವ ಗುಳಿಗೆ, ಯಾತಕ್ಕಾಗಿ, ಎಷ್ಟು ಕಾಲ. ಯಾವುದನ್ನು ಕೇಳದೆ ನಿಲ್ಲಿಸಕೂಡದು. ಹಲ್ಲು ಕೀಳಿಸುವ ಅಥವಾ ಬೇರೆ ಶಸ್ತ್ರಕ್ರಿಯೆಯ ಮೊದಲು ಯಾರನ್ನು ಕೇಳಬೇಕು. ಯಾವ ಲಕ್ಷಣ ಕಂಡರೆ ಒಡನೆ ಹೊರಡಬೇಕು. ಇವಿಷ್ಟೂ ಅದರಲ್ಲಿ ದಪ್ಪಕ್ಷರದಲ್ಲಿರಬೇಕು. ನಮ್ಮ ಜಿಲ್ಲೆಯ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳಿವೆ. ಆದರೆ ಇವರೆಲ್ಲರ ಮಕ್ಕಳು ಶಾಲೆಯಲ್ಲಿ ಓದಲು ಕಲಿತ ಲಿಪಿಯು ಕನ್ನಡವು. ೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಡಾ. ಪುರುಷೋತ್ತಮ ಬಿಳಿಮಲೆಯವರು ಸರಕಾರಿ ವೈದ್ಯರು ಔಷಧದ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಆರೋಗ್ಯ ಸಚಿವರನ್ನು ಕೇಳಿಕೊಂಡಾಗ, ಅದನ್ನು ಭಾಷಾಭಿಮಾನದ ಅತಿರೇಕವೆಂದು ನಕ್ಕವರಿದ್ದರು. ಔಷಧದ ಹೆಸರನ್ನು ಇಂಗ್ಲಿಷಿನಲ್ಲಿಯೇ ಬರೆಯಲಿ, ನಮ್ಮ ಆಕ್ಷೇಪವಿಲ್ಲ. ಔಷಧದ ಅಂಗಡಿಯವನಿಗೆ ಅದು ಬೇಕು. ‘ನಿಲ್ಲಿಸಬೇಡಿ’ ಎಂಬ ಮಾತನ್ನು ಓದಬೇಕಾದವರು ಮಾತ್ರ ಮನೆಯವರು. ಅದು ಅವರ ಭಾಷೆಯಲ್ಲಿರಬೇಕೆಂದು ಕೇಳುವುದು ಅಭಿಮಾನದ ಪ್ರಶ್ನೆಯಲ್ಲ, ಆಯುಷ್ಯದ ಪ್ರಶ್ನೆ.

ಎರಡನೆಯದಾಗಿ, ರೋಗಿಯು ಬಿಡುಗಡೆಯಾದ ದಿನವೇ ಅವನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಮಾಚಾರವು ಮುಟ್ಟಬೇಕು. ೨೦೨೪ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ. ಅದೇ ಭೇಟಿಯಲ್ಲಿ ಹೃದ್ರೋಗಿಯ ಗುಳಿಗೆಯ ಡಬ್ಬಿಯನ್ನು ನೋಡುವುದಕ್ಕೆ ಐದು ನಿಮಿಷ ಸಾಕು. ಮೊದಲನೆಯ ವಾರದಲ್ಲಿಯೇ ಈ ಭೇಟಿ ಆಗಬೇಕು.

ಮೂರನೆಯದಾಗಿ, ಮೊದಲ ವರ್ಷದ ಗುಳಿಗೆಗಳನ್ನು ಆರೋಗ್ಯ ಕೇಂದ್ರದಿಂದಲೇ ತಿಂಗಳು ತಿಂಗಳೂ ತಪ್ಪದೆ ಕೊಡತಕ್ಕದ್ದು. ಗುಳಿಗೆ ತೆಗೆದುಕೊಳ್ಳಲು ಬಾರದವನ ಮನೆಗೆ ಕೇಂದ್ರದಿಂದ ಫೋನು ಹೋಗಲಿ.

ನಾಲ್ಕನೆಯದಾಗಿ, ಬಂಟ್ವಾಳ ಮತ್ತು ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಹೃದ್ರೋಗಿಗಳ ಚೇತರಿಕೆಗಾಗಿ ಮೀಸಲಾಗಲಿ. ನಡಿಗೆ, ಊಟ, ತಂಬಾಕು ಬಿಡುವುದು, ಮನಸ್ಸಿನ ಸಮಾಧಾನ ಇವುಗಳ ಕುರಿತು ರೋಗಿಗೂ ಅವನ ಮನೆಯವರಿಗೂ ಒಟ್ಟಿಗೆ ತಿಳಿಸಿ ಹೇಳಲಿ. ಇಂತಹ ಕ್ರಮಬದ್ಧವಾದ ಚೇತರಿಕೆಯು ಅನ್ಯದೇಶಗಳಲ್ಲಿ ಹೃದ್ರೋಗ ಚಿಕಿತ್ಸೆಯ ಅಂಗವೇ ಆಗಿದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಒಂದು ಕೋಣೆ, ಒಬ್ಬ ದಾದಿ, ನಡೆಯುವುದಕ್ಕೆ ಒಂದು ಓಣಿ ಇದ್ದರೆ ಆರಂಭಿಸಬಹುದು.

ವೈದ್ಯರಿಗೆ ಸಮಯವಿಲ್ಲವೆಂಬ ಆಕ್ಷೇಪವು ಬರಬಹುದು. ಅದು ಸುಳ್ಳಲ್ಲ. ಸರಕಾರಿ ವೈದ್ಯರ ಎದುರಿನ ಸಾಲನ್ನು ನೋಡಿದ ಯಾರೂ ಅವರನ್ನು ನಿಂದಿಸಲಾರರು. ಆದರೆ ನಾವು ಕೇಳಿದುದರಲ್ಲಿ ಹೆಚ್ಚಿನದು ವೈದ್ಯರ ಕೆಲಸವಲ್ಲ. ಕನ್ನಡದ ಪುಟವನ್ನು ಒಮ್ಮೆ ಸಿದ್ಧಪಡಿಸಿದರೆ ಸಾವಿರ ಸಲ ಅಚ್ಚುಮಾಡಬಹುದು. ಡಬ್ಬಿಯನ್ನು ನೋಡುವುದಕ್ಕೆ ತಜ್ಞರು ಬೇಕಿಲ್ಲ. ೨೦೨೫ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿಯು ಹರಡಿದಾಗ ಗಾಬರಿಗೊಂಡ ಜನರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಆ ಭಯವು ಕೆಲವು ವಾರಗಳಲ್ಲಿ ಇಳಿಯಿತು. ಭಯದಿಂದ ಒಂದು ದಿನ ಸಾಲಿನಲ್ಲಿ ನಿಲ್ಲುವುದು ಸುಲಭ. ಭಯವಿಲ್ಲದೆ ೩೬೫ ದಿನ ಗುಳಿಗೆ ನುಂಗುವುದು ಕಷ್ಟ. ಈ ಎರಡನೆಯದಕ್ಕೆ ಜನರಿಗೆ ಸಹಾಯ ಬೇಕಾಗಿದೆ.

ಸರಕಾರವು ಮಾಡುವ ತನಕ ನಾವು ಕೈಕಟ್ಟಿ ಕುಳಿತಿರಬೇಕೆಂದು ಅರ್ಥವಲ್ಲ. ಈ ಪತ್ರಿಕೆಯನ್ನು ಓದುವ ಉಪಾಧ್ಯಾಯರು, ವಕೀಲರು, ಬ್ಯಾಂಕಿನ ನೌಕರರು, ಕಚೇರಿಯ ಅಧಿಕಾರಿಗಳು ತಮ್ಮ ನೆರೆಯಲ್ಲಿ ಸ್ಟೆಂಟು ಇಟ್ಟುಕೊಂಡು ಬಂದವರು ಯಾರಿದ್ದಾರೆಂದು ವಿಚಾರಿಸಲಿ. ಆ ಮನೆಗೆ ಹೋಗಿ, ಕಪಾಟಿನಲ್ಲಿರುವ ಇಂಗ್ಲಿಷ್ ಕಾಗದವನ್ನು ತೆಗೆಯಿಸಿ, ಅದರಲ್ಲಿರುವುದನ್ನು ಮನೆಯ ಯಜಮಾನಿತಿಗೆ ಅವಳ ಮಾತಿನಲ್ಲಿ ಓದಿ ಹೇಳಲಿ. ಸಂಶಯ ಬಂದಲ್ಲಿ ತಾವೇ ವೈದ್ಯರಿಗೆ ಫೋನು ಮಾಡಿ ಕೇಳಲಿ. ಅರ್ಧ ಗಂಟೆಯ ಕೆಲಸವಿದು. ನಮ್ಮ ಗೃಹಸ್ಥರ ಮನೆಗೆ ಅಂತಹ ಒಬ್ಬರು ಐದು ತಿಂಗಳ ಮೊದಲು ಹೋಗಿದ್ದರೆ, ಅವರು ಇಂದು ತೋಟದಲ್ಲಿ ಅಡಿಕೆಯ ಕೊಯ್ಲನ್ನು ನಿಂತು ಮಾಡಿಸುತ್ತಿದ್ದರು. ಓದು ಬಲ್ಲವರಾದ ನಾವು ಯಾರೂ ಹೋಗಲಿಲ್ಲ. ಆ ನಾಚಿಕೆಯು ನಮ್ಮದೂ ಹೌದು.